ಕೈಗೆಟುಕುವಷ್ಟು ದೂರ

"ಎಲ್ಲಿಗೆ?"

ಅಜ್ಜಿಯ ಬಲಗಾಲು ಇನ್ನೂ ಚಪ್ಪಲಿ ಹುಡುಕುತ್ತಿತ್ತು. ಎಡಗಾಲು ಸಿಕ್ಕಿಬಿದ್ದ ಕಳ್ಳನ ಹಾಗೆ ಇದ್ದಲ್ಲೇ ನಿಂತಿತು.

"ಎಲ್ಲಿಗೂ ಇಲ್ಲಮ್ಮ. ಕಿಟಕಿ ತೆಗೆಯೋಣ ಅಂತ."

"ನಾನಿಲ್ವಾ?" ಎಂದು ಚುಮ್ಮಿ ಓಡಿಬಂದು ಕಿಟಕಿ ತೆಗೆದಳು. "ಎಷ್ಟು ತೆಗೀಲಿ? ಅರ್ಧಾನಾ, ಪೂರ್ತೀನಾ?"

"ತೆಗೆದಾಯ್ತಲ್ಲ, ಬಿಡು." ಅಜ್ಜಿ ಮತ್ತೆ ಕುರ್ಚಿಗೆ ಒರಗಿದರು. "ಚೆಕಿಂಗ್ ಇನ್‌ಸ್ಪೆಕ್ಟರ್ ಬಸ್ ಹತ್ತಿದ್ರೆ ಎರಡು ಸ್ಟಾಪ್ ಆದ್ಮೇಲೆ ಇಳಿದುಬಿಡ್ತಿದ್ರು. ನೀನು ಇಳಿಯೋದೇ ಇಲ್ವಲ್ಲೇ."

ಅಜ್ಜಿ ಮೂವತ್ತೊಂದು ವರ್ಷ ಬಸ್ ಕಂಡಕ್ಟರ್ ಆಗಿದ್ದವರು. ಒಂದು ಕೈಯಲ್ಲಿ ಟಿಕೆಟ್, ಇನ್ನೊಂದು ಕೈಯಲ್ಲಿ ಚಿಲ್ಲರೆ. ಕಂಬಿ ಹಿಡಿಯಲು ಮೂರನೆಯ ಕೈ ಇರಲಿಲ್ಲ. ಡ್ರೈವರ್ ಗಕ್ಕನೆ ಬ್ರೇಕ್ ಹಾಕಿದಾಗ ಇಡೀ ಬಸ್ಸು ಮುಂದಕ್ಕೆ ಮುಗ್ಗರಿಸಿದರೆ ಅಜ್ಜಿ ಮಾತ್ರ ಮೊಣಕಾಲು ಒಂಚೂರು ಬಗ್ಗಿಸಿ, ಏನೂ ಆಗದವರ ಹಾಗೆ ಮುಂದಿನ ಟಿಕೆಟ್ ಹರಿಯುತ್ತಿದ್ದರಂತೆ.

ಅಂಥವರು ಎರಡು ತಿಂಗಳ ಹಿಂದೆ ಅಡುಗೆಮನೆಯ ಒದ್ದೆ ನೆಲದಲ್ಲಿ ಜಾರಿಬಿದ್ದರು. "ಓಡೋ ಬಸ್ಸಲ್ಲಿ ನಿಂತವಳು, ನಿಂತಿರೋ ನೆಲದ ಮೇಲೆ ಬಿದ್ದೆ ನೋಡಿ," ಎಂದು ನೋಡಲು ಬಂದವರಿಗೆಲ್ಲ ಹೇಳಿ ತಾವೇ ನಗುತ್ತಿದ್ದರು. ಮುರಿದದ್ದು ಎಡಗೈ ಮಣಿಕಟ್ಟು. ಆರು ವಾರ ಪ್ಲಾಸ್ಟರ್ ಇತ್ತು. ಈಗ ಅದನ್ನೂ ಬಿಚ್ಚಿಯಾಗಿತ್ತು.

ಆದರೆ ಚುಮ್ಮಿಯ ಕಿವಿಯಲ್ಲಿ ಒಂದು ಮಾತು ಉಳಿದುಬಿಟ್ಟಿತ್ತು. ಅಜ್ಜಿ ಬಿದ್ದ ಮಾರನೆಯ ದಿನ ಅತ್ತೆ ಬೇರೆ ಊರಿನಿಂದ ಫೋನ್ ಮಾಡಿ ಅಪ್ಪನಿಗೆ ಹೇಳಿದ್ದರು: "ಲಿಫ್ಟಿಲ್ಲದ ಮನೆ, ಮೂರನೇ ಮಹಡಿ. ಇನ್ನೊಂದು ಸಲ ಬಿದ್ರೆ ಅಮ್ಮನ್ನ ನಾನು ಕರ್ಕೊಂಡು ಬಂದ್ಬಿಡ್ತೀನಿ. ನಮ್ಮದು ಗ್ರೌಂಡ್ ಫ್ಲೋರ್."

ಅಜ್ಜಿಯೂ ಚುಮ್ಮಿಯೂ ಒಂದೇ ರೂಮಿನವರು. ಹುಟ್ಟಿದಾಗಿನಿಂದ ಹಾಗೇ. ಅಜ್ಜಿಯ ಮಂಚ ಇಲ್ಲದ ಆ ರೂಮನ್ನು ಚುಮ್ಮಿ ಒಂದು ಸಲ ಕಲ್ಪಿಸಿಕೊಂಡು ನೋಡಿದಳು. ಎರಡನೆಯ ಸಲ ನೋಡಲಿಲ್ಲ. ಅಜ್ಜಿ ಇನ್ನೊಂದು ಸಲ ಬೀಳಬಾರದು, ಅಷ್ಟೇ. ಬೀಳಬಾರದು ಅಂದರೆ ಏಳಬಾರದು. ಕೂತವರು ಯಾರಾದರೂ ಬಿದ್ದದ್ದುಂಟೆ?

ಹಾಗಾಗಿ ಮೊದಲು ಸ್ಕೂಲ್ ಬಿಟ್ಟ ಮೇಲೆ, ರಜೆ ಬಂದ ಮೇಲೆ ಇಡೀ ದಿನ, ಚುಮ್ಮಿಯ ಡ್ಯೂಟಿ ಶುರುವಾಯಿತು. ಅಜ್ಜಿಯ ಕುರ್ಚಿಯ ಆಚೆ ಈಚೆ ಎರಡು ಸ್ಟೂಲ್. ಬಲಗಡೆ ನೀರು, ಮಾತ್ರೆ ಡಬ್ಬಿ, ಕನ್ನಡಕ, ಬಾಳೆಹಣ್ಣು. ಎಡಗಡೆ ಪೇಪರ್, ಫೋನ್, ರಿಮೋಟ್, ಬಾಚಣಿಗೆ. ಮಿಕ್ಕಿದ್ದಕ್ಕೆಲ್ಲ ಸ್ಟೀಲ್ ಲೋಟ, ಒಂದು ಚಮಚ. ಟಿಣ್ ಅಂದರೆ ಚುಮ್ಮಿ ಹಾಜರ್. ಯಾವ ವಸ್ತುವೂ ಅಜ್ಜಿಯ ಕೈಗೆಟುಕುವುದಕ್ಕಿಂತ ದೂರ ಇರಲಿಲ್ಲ. ವಿಮಾನ ಓಡಿಸುವವರಿಗೂ ಇಷ್ಟು ಅನುಕೂಲ ಇರಲಾರದು ಎಂದು ಅಪ್ಪ ಹೊಗಳಿದ್ದರು. ಅಮ್ಮ ಆಫೀಸಿನಲ್ಲೆಲ್ಲ ಹೇಳಿಕೊಂಡು ಬಂದಿದ್ದರು.

ಸೋಮವಾರ ಫಿಸಿಯೋಥೆರಪಿ ಮಾಡುವವರು ಬಂದರು. ಬೆನ್ನಿಗೆ ಬ್ಯಾಗು, ಕಾಲಿಗೆ ಕೆಂಪು ಶೂ. ಮೂರು ಮಹಡಿ ಹತ್ತಿದರೂ ಏದುಸಿರಿಲ್ಲ. ಫಿಸಿಯೋ ಅಕ್ಕ ಅಜ್ಜಿಯ ಮಣಿಕಟ್ಟನ್ನು ಹಾಗೆ ತಿರುಗಿಸಿ, ಹೀಗೆ ತಿರುಗಿಸಿ ನೋಡಿದರು.

"ಕೈ ಫಸ್ಟ್ ಕ್ಲಾಸಾಗಿದೆ ಅಮ್ಮ. ಈಗ ಕಾಲು ನೋಡೋಣ."

"ಕಾಲಿಗೇನಾಗಿದೆ? ಮುರಿದಿದ್ದು ಕೈ," ಎಂದರು ಅಜ್ಜಿ.

"ಮುರಿದಿದ್ದನ್ನ ಎಲ್ಲರೂ ನೋಡ್ತಾರಲ್ಲ, ಅದಕ್ಕೇ. ಎರಡೂ ಕೈ ಎದೆ ಮೇಲೆ ಕಟ್ಕೊಳ್ಳಿ. ಕುರ್ಚಿಯಿಂದ ಎದ್ದು ನಿಲ್ಲಿ, ಕೂತ್ಕೊಳ್ಳಿ. ಐದು ಸಲ. ಪುಟ್ಟಿ, ನೀನು ಎಣಿಸು."

ಚುಮ್ಮಿ 'ಒಂದು' ಎನ್ನಲು ಬಾಯಿ ತೆರೆದುಕೊಂಡು ನಿಂತಳು. ಅಜ್ಜಿ ಮುಂದಕ್ಕೆ ಬಾಗಿದರು. ಕುರ್ಚಿಯಿಂದ ಒಂದು ಗೇಣು ಮೇಲೆದ್ದರು. ಅಷ್ಟಕ್ಕೇ ತೊಡೆ ಗಡಗಡ ನಡುಗಿ, ದೊಪ್ಪನೆ ಕೂತುಬಿಟ್ಟರು.

ಅಜ್ಜಿ ತಮಾಷೆ ಮಾಡುತ್ತಿದ್ದಾರೆ ಎಂದು ಚುಮ್ಮಿ ಕಿಸಕ್ಕನೆ ನಕ್ಕಳು. ಎರಡನೆಯ ಸಲವೂ ಹಾಗೇ ಆಯಿತು. ಮೂರನೆಯ ಸಲಕ್ಕೆ ಅಜ್ಜಿ ಹೋಗಲಿಲ್ಲ. ತಮ್ಮ ಮೊಣಕಾಲುಗಳನ್ನೇ ನೋಡುತ್ತ ಕೂತರು, ಯಾರದೋ ಮೊಣಕಾಲುಗಳನ್ನು ನೋಡುವ ಹಾಗೆ. ಚುಮ್ಮಿ ತೆರೆದ ಬಾಯಿ ಮುಚ್ಚಿದಳು. ಎಣಿಸಲು ಏನೂ ಇರಲಿಲ್ಲ.

"ದಿನಾ ಎಷ್ಟು ಓಡಾಡ್ತೀರಾ?" ಫಿಸಿಯೋ ಅಕ್ಕ ಕೇಳಿದರು.

"ಬಾತ್‌ರೂಮಿಗೆ ಅಷ್ಟೇ," ಚುಮ್ಮಿಯೇ ಉತ್ತರಿಸಿದಳು. "ಆಗ್ಲೂ ನಾನೇ ತೋಳು ಹಿಡಿದು ಎಬ್ಬಿಸ್ತೀನಿ."

"ನೀರು ಬೇಕಾದ್ರೆ?"

"ನಾನೇ ತಂದಿಟ್ಟಿರ್ತೀನಿ."

"ಬೆಲ್ ಆದ್ರೆ ಬಾಗಿಲು?"

"ನಾನೇ."

"ಊಟಕ್ಕೆ ಟೇಬಲ್ ಹತ್ರ ಬರ್ತಾರಾ?"

"ಇಲ್ಲ, ನಾನು ಇಲ್ಲಿಗೇ..." ಈ ಸಲ ದನಿ ಸ್ವಲ್ಪ ಇಳಿದಿತ್ತು.

ಫಿಸಿಯೋ ಅಕ್ಕ ಎರಡೂ ಸ್ಟೂಲುಗಳ ಮೇಲೆ ಕಣ್ಣಾಡಿಸಿದರು. "ತುಂಬ ಅಚ್ಚುಕಟ್ಟಾಗಿ ಜೋಡಿಸಿದ್ದೀಯ," ಎಂದರು. ಬೈದದ್ದಲ್ಲ. ಆದರೂ ಚುಮ್ಮಿಗೆ ಅದು ಹೊಗಳಿಕೆ ಅನಿಸಲಿಲ್ಲ.

"ಕೆಲಸ ಕೊಡದಿದ್ರೆ ತೊಡೆ ಕರಗುತ್ತೆ ಅಮ್ಮ," ಎಂದು ಅವರು ಅಜ್ಜಿಯ ಕಡೆ ತಿರುಗಿದರು. "ನಿಮ್ಮ ವಯಸ್ಸಲ್ಲಿ ಶಕ್ತಿ ಹೋಗೋದು ಎಕ್ಸ್‌ಪ್ರೆಸ್ ಬಸ್ಸಲ್ಲಿ. ವಾಪಸ್ ಬರೋದು ಎಲ್ಲಾ ಸ್ಟಾಪಲ್ಲೂ ನಿಲ್ಲಿಸ್ಕೊಂಡು. ಆದ್ರೆ ಬರುತ್ತೆ. ಹೀಗೇ ಕೂತಿದ್ರೆ ಮಾತ್ರ, ಮುಂದಿನ ಸಲ ಬೀಳೋಕೆ ಒದ್ದೆ ನೆಲಾನೂ ಬೇಕಾಗಲ್ಲ."

ಸಂಜೆ ಅಪ್ಪ ಅತ್ತೆಗೆ ಎಲ್ಲ ಹೇಳಿದರು. ಫೋನ್ ಸ್ಪೀಕರಿನಲ್ಲಿತ್ತು.

"ನಾನು ಅವತ್ತೇ ಹೇಳಲಿಲ್ವಾ? ಈ ವಾರಾನೇ ಬರ್ತೀನಿ," ಎಂದರು ಅತ್ತೆ.

"ನನ್ನನ್ನೂ ಒಂದು ಮಾತು ಕೇಳ್ರಪ್ಪ," ಎಂದರು ಅಜ್ಜಿ. "ನಾನೇನು ಪಾರ್ಸಲ್ಲಾ? ಚುಮ್ಮಿ ಸ್ಕೂಲ್ ಶುರುವಾಗೋ ಹಿಂದಿನ ಭಾನುವಾರ ಬಾ. ಇನ್ನು ಐದು ವಾರ ಇದೆ. ಅವತ್ತು ನಾನು ಕೆಳಗಿಳಿದು, ಯಾರ ಕೈಯೂ ಹಿಡೀದೆ ಹತ್ತಿ ಬಂದ್ರೆ ಇಲ್ಲೇ ಇರ್ತೀನಿ. ಆಗದಿದ್ರೆ ನಿನ್ನ ಜೊತೆ ಬರ್ತೀನಿ. ಬಾಯಿ ಮುಚ್ಕೊಂಡು ಬರ್ತೀನಿ."

"ಐವತ್ನಾಲ್ಕು ಮೆಟ್ಟಿಲಮ್ಮ," ಎಂದರು ಅಪ್ಪ.

"ಗೊತ್ತು. ನಾನೂ ಇದೇ ಮನೇಲಿರೋದು."

ಚುಮ್ಮಿ ಮೆಲ್ಲಗೆ ಎದ್ದು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತಳು. ಕೋಪ ಬಂದಿತ್ತು. ಯಾರ ಮೇಲೆ ಅಂತ ಗೊತ್ತಾಗಲಿಲ್ಲ. ಕೆಂಪು ಶೂ ಮೇಲೆ ಅಂದುಕೊಂಡಳು. ಆ ಕೋಪ ಸ್ವಲ್ಪ ಹೊತ್ತೂ ನಿಲ್ಲಲಿಲ್ಲ.

ಒಳಗೆ ಚಪ್ಪಲಿಯ ಸದ್ದು. ಸರ್... ಸರ್... ನಿಂತಿತು. ಮತ್ತೆ ಸರ್... ಕುರ್ಚಿಯಿಂದ ಬಾಗಿಲಿಗೆ ಚುಮ್ಮಿಗೆ ಒಂಬತ್ತು ಹೆಜ್ಜೆ. ಆ ಸದ್ದು ಒಂಬತ್ತಕ್ಕೆ ಮುಗಿಯಲೇ ಇಲ್ಲ. ಕೊನೆಗೆ ಬಾಗಿಲ ಚೌಕಟ್ಟು ಹಿಡಿದುಕೊಂಡು ಅಜ್ಜಿ ಕಾಣಿಸಿಕೊಂಡರು. ಚುಮ್ಮಿ ದಡಬಡಿಸಿ ಎದ್ದಳು.

"ಕೂತ್ಕೋ. ನಾನು ಕೂತ್ರೆ ಏಳೋಕೆ ಮತ್ತೆ ನೀನೇ ಬೇಕು. ನಿಂತೇ ಮಾತಾಡ್ತೀನಿ."

"ನಾನು ಒಳ್ಳೇದಕ್ಕೇ ಮಾಡಿದ್ದು, ಅಜ್ಜಿ."

"ನಾನು ಬೇಡ ಅಂದ್ನಾ? ಅನ್ನಲಿಲ್ವಲ್ಲ." ಅಜ್ಜಿ ಉಸಿರು ತೆಗೆದುಕೊಂಡರು. "ಮೂವತ್ತೊಂದು ವರ್ಷ ಬೇರೆಯವರಿಗೆ ಸೀಟ್ ಹುಡುಕಿಕೊಟ್ಟೆ ಕಣೆ. ನನ್ನನ್ನ ಕೂರಿಸಿದವಳು ನೀನೊಬ್ಬಳೇ. ಹಾಯಾಗಿತ್ತು. ಆಮೇಲೆ... ಭಯಾನೂ ಇತ್ತು. ಎದ್ರೆ ಬಿದ್ದುಬಿಡ್ತೀನಿ ಅಂತ. ನೀನು ಏಳಬೇಡ ಅಂದಾಗೆಲ್ಲ ಒಳಗೊಳಗೇ ಖುಷಿ ಆಗ್ತಿತ್ತು."

ಅಜ್ಜಿಗೂ ಭಯ ಆಗುತ್ತದೆ ಎಂಬುದು ಚುಮ್ಮಿಗೆ ಹೊಸ ಸುದ್ದಿ.

ಮರುದಿನ ಬೆಳಗ್ಗೆ ಅಜ್ಜಿ ಬಲಗಡೆಯ ಸ್ಟೂಲಿಗೆ ಕೈಚಾಚಿದರು. ಸ್ಟೂಲೇ ಇರಲಿಲ್ಲ. ಎಡಗಡೆ ತಿರುಗಿದರು. ಅದೂ ಇಲ್ಲ.

"ಇದೇನೇ, ಮನೇಲಿ ಕಳ್ಳತನ ಆಯ್ತಾ?"

"ನೀರು ಅಡುಗೆಮನೇಲಿದೆ," ಎಂದಳು ಚುಮ್ಮಿ. "ಕನ್ನಡಕ ಕಿಟಕಿ ಹತ್ರ. ಪೇಪರ್ ಬಾಗಿಲ ಹತ್ರ. ರಿಮೋಟ್ ಟೀವಿ ಪಕ್ಕ."

"ಮತ್ತೆ ಬಾಳೆಹಣ್ಣು?"

"ಫ್ರಿಜ್ ಮೇಲೆ."

"ಅಯ್ಯೋ ಪಾಪಿ," ಎಂದು ಅಜ್ಜಿ ಏಳಲು ಶುರುಮಾಡಿದರು.

ಏಳುವುದನ್ನು ನೋಡುತ್ತ ಸುಮ್ಮನೆ ಕೂರುವುದು ಇಷ್ಟು ಕಷ್ಟ ಎಂದು ಚುಮ್ಮಿಗೆ ಯಾರೂ ಹೇಳಿರಲಿಲ್ಲ. ಲೆಕ್ಕದ ಪರೀಕ್ಷೆಗಿಂತ ಕಷ್ಟ. ಕಾಲು ತಾನಾಗಿ ಓಡಲು ನೋಡುತ್ತದೆ, ಕೈ ತಾನಾಗಿ ಚಾಚುತ್ತದೆ. ಅಂದಿನಿಂದ ಅವಳು ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಅದುಮಿಟ್ಟುಕೊಂಡೇ ಕೂರುತ್ತಿದ್ದಳು. ಅಜ್ಜಿ ನೀರು ತರುವಾಗ ಅರ್ಧ ಲೋಟ ಸೀರೆಯ ಮೇಲೆ ಚೆಲ್ಲಿಕೊಂಡರು. ಚುಮ್ಮಿ ಗೋಡೆ ಗಡಿಯಾರ ನೋಡಿದಳು.

ಅಪ್ಪ ಅಡುಗೆಮನೆಗೆ ಜಾರದ ಮ್ಯಾಟ್ ತಂದು ಹಾಸಿದರು, ಬಾತ್‌ರೂಮಿಗೆ ಕಂಬಿ ಹಾಕಿಸಿದರು. ಫಿಸಿಯೋ ಅಕ್ಕ ವಾರಕ್ಕೆರಡು ಸಲ ಬಂದರು. ಟೀ ಕುದಿಯುವ ತನಕ ಅಡುಗೆ ಕಟ್ಟೆ ಹಿಡಿದು ಒಂಟಿಕಾಲಲ್ಲಿ ನಿಲ್ಲುವುದು. ಹಲ್ಲುಜ್ಜುವಾಗ ಹಿಮ್ಮಡಿ ಎತ್ತುವುದು. ಕುರ್ಚಿಯಿಂದ ಏಳುವುದು, ಕೂರುವುದು.

"ರಿಟೈರ್ ಆದವಳಿಗೆ ಓವರ್‌ಟೈಮ್," ಎಂದು ಗೊಣಗಿದರು ಅಜ್ಜಿ. ಎರಡನೆಯ ವಾರದ ಒಂದು ದಿನ ಏಳಲೇ ಇಲ್ಲ. "ಇವತ್ತು ಆಗಲ್ಲ. ತೊಡೆ ನೋಯ್ತಿದೆ. ಹೋಗು, ನೀರು ತಗೊಂಡು ಬಾ."

ಚುಮ್ಮಿ ತಂದುಕೊಟ್ಟಳು. ಮರುದಿನ ಅಜ್ಜಿ ತಾವೇ ಎದ್ದು ಹೋದರು.

"ಬಸ್ಸಲ್ಲಿ ಹೇಗೆ ನಿಲ್ತಿದ್ರಿ, ತೋರಿಸಿ," ಎಂದರು ಒಮ್ಮೆ ಫಿಸಿಯೋ ಅಕ್ಕ. ಅಜ್ಜಿ ಪಾದ ಅಗಲಿಸಿ, ಮೊಣಕಾಲು ಸಡಿಲ ಬಿಟ್ಟು, ಸೊಂಟ ಸ್ವಲ್ಪ ಓರೆ ಮಾಡಿ ನಿಂತರು. ಫಿಸಿಯೋ ಅಕ್ಕ ಭುಜಕ್ಕೆ ಮೆಲ್ಲಗೆ ತಳ್ಳಿದರು. ಅಜ್ಜಿ ಓಲಾಡಿದರು, ಬೀಳಲಿಲ್ಲ. "ಇದನ್ನ ನಾನು ಕಾಲೇಜಲ್ಲಿ ನಾಲ್ಕು ವರ್ಷ ಓದಿದೆ," ಎಂದರು ಅಕ್ಕ. "ನನಗೆ ಸಂಬಳ ಕೊಟ್ಟು ಕಲಿಸಿದ್ರು," ಎಂದರು ಅಜ್ಜಿ.

ಮೂರನೆಯ ವಾರ ಚುಮ್ಮಿ "ಐದು" ಎನ್ನುವ ತನಕ ಎಣಿಸಿದಳು. ನಾಲ್ಕನೆಯ ವಾರ ಮೆಟ್ಟಿಲು. ಮೊದಲ ದಿನ ಆರು ಇಳಿದು ಆರು ಹತ್ತಿದರು. ಆಮೇಲೆ ಒಂದು ಮಹಡಿ. ಐದನೆಯ ವಾರ ಎರಡು. ಮೂರು ಮಹಡಿ ಒಂದು ಸಲವೂ ಆಗಿರಲಿಲ್ಲ.

ಭಾನುವಾರ ಅತ್ತೆ ಬಂದರು. ಕಾರಿನ ಹಿಂದಿನ ಸೀಟಿನಲ್ಲಿ ಅಜ್ಜಿಗಾಗಿ ಹೊಸ ದಿಂಬು ಇತ್ತು. ಅದನ್ನು ನೋಡಿದ ಮೇಲೆ ಚುಮ್ಮಿ ತಿಂಡಿಯ ತಟ್ಟೆಯನ್ನು ಹಾಗೇ ಪಕ್ಕಕ್ಕೆ ತಳ್ಳಿದಳು.

ಅಜ್ಜಿ ಕಂಬಿ ಹಿಡಿದು ಕೆಳಗಿಳಿದರು. ಗೇಟಿನ ಹೊರಗೆ ಬಂದು ಬೀದಿಯನ್ನು ಆ ಕಡೆ ಈ ಕಡೆ ನೋಡಿದರು. ಎದುರುಗಡೆ ಸೈಕಲ್ ರಿಪೇರಿ ಮಾಡುವವನು ಪಂಪು ಬಿಟ್ಟು ಎದ್ದು ನಿಂತ. "ಏನಮ್ಮ, ಊರಲ್ಲಿರಲಿಲ್ವಾ?" ಎಂದ. "ಮೇಲೇ ಇದ್ದೆ ಕಣಪ್ಪ," ಎಂದು ಅಜ್ಜಿ ತಿರುಗಿದರು.

ಅಪ್ಪ ಅಜ್ಜಿಯ ಹಿಂದೆ ಎರಡು ಮೆಟ್ಟಿಲು ಬಿಟ್ಟು, ಫೋನ್ ನೋಡುವ ನಾಟಕ ಮಾಡುತ್ತ ಬಂದರು. ಫೋನ್ ತಲೆಕೆಳಗಾಗಿತ್ತು. "ನೀನು ಮುಂದೆ ಹೋಗು," ಎಂದಿದ್ದರು ಅಜ್ಜಿ ಚುಮ್ಮಿಗೆ. "ಪಕ್ಕದಲ್ಲಿ ನಿಂತು ಮುಖ ನೋಡಬೇಡ." ಹಾಗಾಗಿ ಅವಳು ಮೇಲೆ, ಮನೆಯ ಬಾಗಿಲಲ್ಲಿ, ಅತ್ತೆಯ ಪಕ್ಕ ನಿಂತಿದ್ದಳು.

ಮೊದಲ ಮಹಡಿಯಲ್ಲಿ ಹೆಜ್ಜೆ ಸದ್ದು ಸಲೀಸಾಗಿ ಬಂತು. ಎರಡನೆಯದರಲ್ಲಿ ಎರಡು ಸಲ ನಿಂತಿತು. ಆಮೇಲೆ ತಿರುವಿನಲ್ಲಿ ಅಜ್ಜಿಯ ನರೆಗೂದಲು ಕಾಣಿಸಿತು, ಆಮೇಲೆ ಬೆವರಿದ ಮುಖ, ಕಂಬಿಯ ಮೇಲಿನ ಕೈ.

ಇನ್ನು ಎರಡು ಮೆಟ್ಟಿಲು. ಅಜ್ಜಿ ನಿಂತರು.

ಬಲಗಾಲು ಮೇಲಿನ ಮೆಟ್ಟಿಲಿನ ಮೇಲಿತ್ತು. ಎಡಗಾಲು ಕೆಳಗೆ. ತೊಡೆ ನಡುಗುತ್ತಿದ್ದದ್ದು ಮೇಲಿನಿಂದಲೇ ಕಾಣುತ್ತಿತ್ತು.

"ಅಮ್ಮಾ," ಎಂದು ಅತ್ತೆ ಮುಂದಕ್ಕೆ ಬಗ್ಗಿ ಕೈ ಚಾಚಿದರು.

ಅಜ್ಜಿ ಆ ಕೈಯನ್ನು ನೋಡಿದರು. ಕೈಗೆಟುಕುವಷ್ಟು ದೂರದಲ್ಲೇ ಇತ್ತು. ಹಿಡಿದರೆ ಆಯಿತು. ಹಿಡಿದರೆ ಮುಗಿಯಿತು ಕೂಡ.

ಅತ್ತೆಯ ಮುಖದಲ್ಲಿ ಕೋಪ ಇರಲಿಲ್ಲ, ಗೆಲ್ಲುವ ಆಸೆಯೂ ಇರಲಿಲ್ಲ. ಅಲ್ಲಿ ಏನಿದೆ ಎಂದು ಚುಮ್ಮಿಗೆ ಚೆನ್ನಾಗಿ ಗೊತ್ತಿತ್ತು. ಐದು ವಾರ ಅದನ್ನೇ ತೊಡೆಯ ಕೆಳಗೆ ಅದುಮಿಟ್ಟುಕೊಂಡು ಕೂತವಳು ಅವಳು.

ಅವಳು ಅತ್ತೆಯ ಆ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಸ್ವಲ್ಪ ಹೊತ್ತು ಅತ್ತೆ," ಎಂದಳು ಮೆಲ್ಲಗೆ. "ಸುಮ್ನೆ ನೋಡೋದು ಕಷ್ಟ ಆಗುತ್ತೆ. ನನ್ನ ಕೈ ಹಿಡ್ಕೊಳ್ಳಿ."

ಅತ್ತೆ ಅವಳ ಕಡೆ ನೋಡಿದರು. ಆಮೇಲೆ ಅವಳ ಬೆರಳುಗಳನ್ನು ನೋವಾಗುವಷ್ಟು ಗಟ್ಟಿಯಾಗಿ ಹಿಡಿದರು.

ಕೆಳಗೆ ಅಜ್ಜಿ ದೀರ್ಘವಾಗಿ ಒಂದು ಉಸಿರು ಬಿಟ್ಟು, ಎಡಗಾಲನ್ನು ಎತ್ತಿ ಬಲಗಾಲಿನ ಪಕ್ಕ ತಂದಿಟ್ಟರು. ಆಮೇಲೆ ಮುಂದಿನ ಮೆಟ್ಟಿಲು. ಆಮೇಲೆ ಅದರ ಮುಂದಿನದು.

"ಬಾಗಿಲಲ್ಲಿ ನಿಂತ್ಕೋಬೇಡಿ," ಎಂದರು, ಏದುಸಿರಿನ ನಡುವೆ. "ಒಳಗೆ ಬರೋರಿಗೆ ದಾರಿ ಬಿಡಿ."

ಇಬ್ಬರೂ ಪಕ್ಕಕ್ಕೆ ಸರಿದರು. ಅಜ್ಜಿ ಅವರ ನಡುವೆ ಒಳಗೆ ಹೋದರು. ಅಡುಗೆಮನೆಯಲ್ಲಿ ನಲ್ಲಿ ತಿರುಗಿಸಿದ ಸದ್ದು, ಲೋಟ ತುಂಬಿದ ಸದ್ದು ಕೇಳಿಸಿತು. ಅತ್ತೆ ಇನ್ನೂ ಚುಮ್ಮಿಯ ಕೈ ಬಿಟ್ಟಿರಲಿಲ್ಲ. ಚುಮ್ಮಿಯೂ ಬಿಡಿಸಿಕೊಳ್ಳಲಿಲ್ಲ.