ಸಂಬಂಧ: ಏನೂ ಇಲ್ಲ

ಸೊನ್‌ಜುವನ್ನು ನಾನು ಮೊದಲ ಸಲ ನೋಡಿದಾಗ ಅವಳು ಒಬ್ಬ ಅಜ್ಜಿಯ ಜೊತೆ ಜಗಳವಾಡುತ್ತಿದ್ದಳು. ಜೋಚಿವೊನ್ ಊರಿನ ರಸ್ತೆ ಬದಿಯ ಪೀಚ್ ಹಣ್ಣಿನ ಅಂಗಡಿ. ಆಗಸ್ಟ್ ತಿಂಗಳ ಭಾನುವಾರ, ನೆತ್ತಿ ಸುಡುವ ಬಿಸಿಲು.

“ಅಜ್ಜಿ, ನನಗೆ ಗಟ್ಟಿ ಹಣ್ಣು ಮಾತ್ರ ಸಾಕು. ಮೆತ್ತಗಿರೋದನ್ನ ನಾನು ತಿನ್ನಲ್ಲ.”

“ಡಬ್ಬೀಲಿ ಅರ್ಧ ಗಟ್ಟಿ, ಅರ್ಧ ಮೆತ್ತಗೆ. ಬೇಕಾದ್ರೆ ತಗೊ, ಇಲ್ದಿದ್ರೆ ಗಿರಾಕಿಗಳಿಗೆ ಅಡ್ಡ ನಿಲ್ಬೇಡ.”

“ಇದು ಅನ್ಯಾಯ ಅಲ್ವಾ?”

“ಅನ್ಯಾಯ ಅನ್ನಿಸಿದ್ರೆ ಹೋಗಿ ಕಂಪ್ಲೇಂಟ್ ಕೊಡು, ಹೋಗು!”

ಅವಳು ಆ ಮಾತನ್ನು ನಿಜವಾಗಿಯೂ ಯೋಚಿಸುತ್ತಿರುವಂತೆ ಕಂಡಿತು. ನನಗೆ ನಗು ತಡೆಯಲಾಗಲಿಲ್ಲ. ಅವಳು ಸರಕ್ಕನೆ ತಿರುಗಿದಳು. ಮೂಗಿನ ತುದಿಯಲ್ಲಿ ಬೆವರು, ಕಣ್ಣಲ್ಲಿ ಕೋಪ, ಆ ಕೋಪದ ಹಿಂದೆ ಎಲ್ಲೋ ಒಂದು ಚೂರು ನಗು. ನನ್ನ ಗ್ರಹಚಾರ, ನನಗೆ ಆ ನಗುವೇ ಮೊದಲು ಕಾಣಿಸಿತು.

“ಮೆತ್ತಗಿರೋದು ನನಗಿರಲಿ. ಡಬ್ಬಿ ಅರ್ಧರ್ಧ ಹಂಚ್ಕೊಳ್ಳೋಣ್ವಾ?” ಎಂದೆ.

“ಮೆತ್ತನೆ ಹಣ್ಣು ಇಷ್ಟಪಡೋ ಮನುಷ್ಯರೂ ಇದ್ದಾರಾ?”

“ಹಲ್ಲಿರೋರು ಗಟ್ಟೀದು ತಿಂತಾರೆ, ಬುದ್ಧಿ ಇರೋರು ಮೆತ್ತಗಿರೋದು.”

ತುಟಿಯ ಒಂದು ಕೊನೆಯಲ್ಲಷ್ಟೇ ನಕ್ಕು, ತನ್ನ ಪಾಲಿನ ದುಡ್ಡು ಎಣಿಸಿಟ್ಟಳು. ಅಜ್ಜಿ ಸುಮ್ಮನಿರಬೇಕಲ್ಲ? “ಡಬ್ಬಿ ಒಂದೇ ಆದ್ಮೇಲೆ ಮನೇನೂ ಒಂದೇ ಮಾಡ್ಕೊಂಡ್ಬಿಡಿ, ಬಾಡಿಗೆ ಉಳಿಯುತ್ತೆ” ಎಂದಳು. ಸೊನ್‌ಜುವಿನ ಕಿವಿಯವರೆಗೂ ಕೆಂಪೇರಿತು. ಹಣ್ಣು ಎತ್ತಿಕೊಂಡು ಹೆಸರನ್ನೂ ಹೇಳದೆ ಹೊರಟುಹೋದಳು.

ಆ ರಾತ್ರಿ ನಾನು ಆರು ಪೀಚ್ ತಿಂದೆ. ಒಂದರ ರುಚಿಯೂ ನೆನಪಿಲ್ಲ.

ನನ್ನ ಹೆಸರು ಪ್ಯೋ ಗ್ಯುಹಾನ್. ದೆಜೊನ್‌ನಲ್ಲಿ ನನ್ನದೊಂದು ಒಂಬತ್ತು ಜನರ ಸಣ್ಣ ಸಾಫ್ಟ್‌ವೇರ್ ಕಂಪನಿ. ಆಫೀಸಿನ ಮೀಟಿಂಗ್‌ನಲ್ಲಿ ಯಾರು ಏನು ಅಂದರು ಎಂಬುದನ್ನು ಕೇಳಿಸಿಕೊಂಡು ತಾನೇ ಬರೆದಿಡುವ ‘ನುರಿ’ ಎಂಬ ಪ್ರೋಗ್ರಾಂ ನಮ್ಮದು. ಚೆನ್ನಾಗಿಯೇ ಓಡುತ್ತಿತ್ತು. ಅಷ್ಟರಲ್ಲಿ, ದೇಶದ ಪ್ರತಿ ಆಫೀಸಿಗೂ ಪತ್ರ ಬರೆಯುವ, ಲೆಕ್ಕ ಹಾಕುವ ಪ್ರೋಗ್ರಾಂ ಮಾರುವ ದೊಡ್ಡ ಕಂಪನಿ, ನಾವು ಅದನ್ನು ‘ದೊಡ್ಮನೆ’ ಅನ್ನುತ್ತಿದ್ದೆವು, ನಮ್ಮದರಂಥದ್ದನ್ನೇ ಒಂದು ಮಾಡಿ ಆ ಪ್ರೋಗ್ರಾಂ ಒಳಗೇ ಬಿಟ್ಟಿಯಾಗಿ ಸೇರಿಸಿಬಿಟ್ಟಿತು. ಬೇಡವೆಂದರೂ ಬರುತ್ತದೆ, ಅಳಿಸಲು ಹೋದರೆ ಅಳಿಯುವುದಿಲ್ಲ. ಬಿಟ್ಟಿ ಸಿಕ್ಕರೆ ನನಗೊಂದು ನಮ್ಮಪ್ಪನಿಗೊಂದು ಅನ್ನುವ ಲೋಕ ಇದು. ಒಂದೇ ವರ್ಷದಲ್ಲಿ ನಮ್ಮ ಗಿರಾಕಿಗಳಲ್ಲಿ ಮುಕ್ಕಾಲು ಪಾಲು ಜನ ಹೋದರು. ಕೊನೆಗೆ ಸೆಜೊಂಗ್‌ನ ಸ್ಪರ್ಧಾ ಆಯೋಗಕ್ಕೆ, ಅಂದರೆ ವ್ಯಾಪಾರದ ಅನ್ಯಾಯ ವಿಚಾರಿಸುವ ಸರ್ಕಾರಿ ಕಚೇರಿಗೆ, ದೂರು ಕೊಟ್ಟೆವು.

ಸೋಮವಾರ ಬೆಳಿಗ್ಗೆ ಹೇಳಿಕೆ ಕೊಡಲು ಆಯೋಗಕ್ಕೆ ಹೋದೆ. ತನಿಖಾಧಿಕಾರಿಯ ಕೋಣೆಯ ಬಾಗಿಲು ತೆರೆದರೆ, ಮೇಜಿನ ಹಿಂದೆ ಅವಳು! ಎದುರಿಗೆ ‘ಓಕ್ ಸೊನ್‌ಜು’ ಎಂಬ ಫಲಕ.

ನಾನು ಬಾಯಿ ತೆರೆಯುವಷ್ಟರಲ್ಲಿ ಅವಳು ಡ್ರಾಯರ್‌ನಿಂದ ಒಂದು ಫಾರಂ ತೆಗೆದಳು.

“ನಿನ್ನೆ ನಾವು ಸಿಕ್ಕಿದ್ದನ್ನ ಮೊದಲು ಬರೀಬೇಕು.”

“ಹಣ್ಣಿನ ಅಂಗಡೀಲಿ ಸಿಕ್ಕಿದ್ದನ್ನಾ?”

“ಕೇಸಿಗೆ ಸಂಬಂಧಪಟ್ಟೋರನ್ನ ಆಫೀಸಿನ ಹೊರಗೆ ಎಲ್ಲಿ ಮಾತಾಡಿಸಿದ್ರೂ ಐದು ದಿನದೊಳಗೆ ವರದಿ ಕೊಡ್ಬೇಕು. ನಮ್ಮಲ್ಲಿ ಹಾಗೇನೇ. ಹೇಳಿ, ಏನು ಮಾತಾಡಿದ್ವಿ?”

“ನನ್ನ ರುಚಿ ಸರಿಯಿಲ್ಲ ಅಂದ್ರಿ.”

“ಹಾಗೆ ಅಂದಿಲ್ಲ. ‘ಇದ್ದಾರಾ’ ಅಂತ ಕೇಳ್ದೆ ಅಷ್ಟೆ.” ತಲೆ ಬಗ್ಗಿಸಿಯೇ ಬರೆದಳು. “ದುಡ್ಡು ಅರ್ಧರ್ಧ ಕೊಟ್ವಲ್ಲ, ಬದುಕಿದೆ.”

“ಅಜ್ಜಿ ಹೇಳಿದ್ದನ್ನೂ ಬರೀತೀರಾ, ಮೇಡಂ?”

ಪೆನ್ನು ನಿಂತಿತು. “ಅದು ಮೂರನೇ ವ್ಯಕ್ತಿಯ ಅಭಿಪ್ರಾಯ. ಬೇಕಾಗಿಲ್ಲ.”

ಫಾರಂನ ಕಟ್ಟಕಡೆಯಲ್ಲಿ ‘ಸಂಬಂಧ’ ಎಂಬ ಜಾಗವಿತ್ತು. ಅಲ್ಲಿ ದುಂಡಗಿನ ಅಕ್ಷರದಲ್ಲಿ ‘ಏನೂ ಇಲ್ಲ’ ಎಂದು ಬರೆದಳು. ಒಂದೇ ದಿನದ ಪರಿಚಯ, ಆದರೂ ನನಗೆ ಯಾಕೋ ಚುರುಕ್ಕೆಂದಿತು.

ಆಮೇಲೆ ಹೇಳಿಕೆ, ದಾಖಲೆ, ಮತ್ತೆ ಹೇಳಿಕೆ ಎಂದು ತಿಂಗಳಿಗೆ ಎರಡು ಸಲ ಸೆಜೊಂಗ್‌ಗೆ ಹೋಗತೊಡಗಿದೆ. ಇ-ಮೇಲ್‌ನಲ್ಲಿ ಕಳಿಸಬಹುದಾದ ದಾಖಲೆಯನ್ನೂ ಕೈಯಲ್ಲಿ ಹಿಡಿದುಕೊಂಡು ಹೋಗುತ್ತಿದ್ದೆ. ಕೋಣೆಯೊಳಗೆ ಸೊನ್‌ಜು ಕಲ್ಲು. ನನ್ನ ಹೇಳಿಕೆಯಲ್ಲಿ ಒಂದು ತಾರೀಖು ತಪ್ಪಿದ್ದಕ್ಕೆ ಅರ್ಧ ಗಂಟೆ ನನ್ನನ್ನು ಜಾಲಾಡಿದಳು. ಹೊರಗೆ ಲಿಫ್ಟ್‌ನಲ್ಲೋ, ಕೆರೆಯ ಏರಿಯ ಮೇಲೋ, ಬಸ್ ಸ್ಟಾಪಿನಲ್ಲೋ ಆಕಸ್ಮಿಕವಾಗಿ ಸಿಗುತ್ತಿದ್ದೆವು. ಆ ಆಕಸ್ಮಿಕಗಳಿಗೆ ನಾನು ಬಹಳ ಕಷ್ಟಪಡುತ್ತಿದ್ದೆ ಅನ್ನುವುದು ಬೇರೆ ಮಾತು.

ಒಂದು ಮಧ್ಯಾಹ್ನ ನೂಡಲ್ಸ್ ಅಂಗಡಿಯಲ್ಲಿ ಅವಳು ಒಂದು ಟೇಬಲ್, ನಾನು ಪಕ್ಕದ ಟೇಬಲ್. ನೂಡಲ್ಸ್ ಜೊತೆ ನೆಂಚಿಕೊಳ್ಳಲು ಅಂಗಡಿಯವರು ಬಿಟ್ಟಿ ಕೊಡುವ ಖಾರದ ಎಲೆಕೋಸು, ಕಿಮ್ಚಿ, ಅವಳ ಬಟ್ಟಲಲ್ಲಿ ಖಾಲಿಯಾಗಿತ್ತು. ನನ್ನದನ್ನು ಮೆಲ್ಲಗೆ ಆ ಕಡೆ ಸರಿಸಿದೆ.

“ಬೇಡ. ನಿಮ್ಮಿಂದ ನಾನು ಏನೂ ತಗೊಳ್ಳೋ ಹಾಗಿಲ್ಲ.”

“ಕಿಮ್ಚಿ ನಂದಲ್ಲ ಮೇಡಂ, ಅಂಗಡಿಯೋರದ್ದು.”

“ನಿಮ್ಮ ಟೇಬಲ್ ಮೇಲಿದ್ದಷ್ಟು ಹೊತ್ತು ನಿಮ್ದೇ.” ಎದ್ದು ಹೋಗಿ ತಾನೇ ಬಡಿಸಿಕೊಂಡು ಬಂದಳು. ಕೂರುವಾಗ, ಗೋಡೆಯ ಕಡೆ ನೋಡುತ್ತಾ, “ಕೂದಲು ಕತ್ತರಿಸಿದ್ದೀರಿ. ಮೊದಲೇ ಚೆನ್ನಾಗಿತ್ತು” ಎಂದಳು.

“ಇದನ್ನೂ ಬರೀತೀರಾ?”

“ಮಾತಾಡಿದ್ಮೇಲೆ ಬರೀಲೇಬೇಕಲ್ಲ” ಎಂದು ನಕ್ಕಳು. ಈ ಸಲ ತುಟಿಯ ಎರಡೂ ಕೊನೆಯಲ್ಲಿ.

ನಮ್ಮ ಕಂಪನಿಯಲ್ಲಿ ನಾಮ್‌ಗುಂಗ್ ಅಕ್ಕ ಅಂತ ಒಬ್ಬರಿದ್ದಾರೆ. ವಯಸ್ಸಿನಲ್ಲಿ ದೊಡ್ಡವರು, ಪ್ರೋಗ್ರಾಂನಲ್ಲಿ ತಪ್ಪು ಹುಡುಕುವುದು ಅವರ ಕೆಲಸ, ನನ್ನಲ್ಲಿ ಹುಡುಕುವುದು ಹವ್ಯಾಸ. ಅವರು ಒಂದು ದಿನ ಬಾಗಿಲು ಹಾಕಿ ಕೂತರು.

“ಬಾಸ್, ಆ ಮೇಡಂ ಹಿಂದೆ ಸುತ್ತೋದು ನಿಲ್ಸಿ. ದೊಡ್ಮನೆ ವಕೀಲ್ರಿಗೆ ಗೊತ್ತಾದ್ರೆ, ತನಿಖೆ ಮಾಡಿದೋರೇ ಆ ಕಡೆಯೋರು ಅಂತ ಕೇಸ್ ಎತ್ತಿ ಬಿಸಾಕಿಸ್ತಾರೆ. ಒಂಬತ್ತು ಜನರ ಅನ್ನ ಇದು. ನನಗೆ ಈ ವಯಸ್ಸಲ್ಲಿ ಬೇರೆ ಕೆಲಸ ಯಾರು ಕೊಡ್ತಾರೆ?”

“ನಾವು ಏನೂ ಮಾತಾಡಿಲ್ಲ ಅಕ್ಕ.”

“ಬಾಯಲ್ಲಿ ಇಲ್ಲ. ಮುಖದಲ್ಲಿ ಊರಿಗೆಲ್ಲ ಕಾಣ್ತಿದೆ.”

ಅಕ್ಕ ಹೇಳಿದ್ದು ಸತ್ಯ. ಇನ್ನು ಆಕಸ್ಮಿಕಗಳು ಸಾಕು ಎಂದು ತೀರ್ಮಾನಿಸಿದೆ.

ನವೆಂಬರ್‌ನಲ್ಲಿ ನಿಜವಾದ ಆಕಸ್ಮಿಕವೇ ಆಯಿತು. ವರ್ಷದ ಮೊದಲ ಗಡಗಡ ಚಳಿ. ಬಸ್ ಸ್ಟಾಪಿನಲ್ಲಿ ಸೊನ್‌ಜು ಗವಸು ಮರೆತು ಕೈ ಉಜ್ಜಿಕೊಳ್ಳುತ್ತಾ ನಿಂತಿದ್ದಳು. ನನ್ನ ಜೇಬಿನಲ್ಲಿ ಕೈ ಬೆಚ್ಚಗಾಗಿಸುವ ಪೊಟ್ಟಣವಿತ್ತು. ಚಾಚಿದೆ.

ಅವಳು ತಲೆಯಾಡಿಸಿದಳು.

“ಕೊಡ್ತಿಲ್ಲ ಮೇಡಂ. ಬಸ್ ಬರೋವರೆಗೆ ಹಿಡ್ಕೊಂಡಿರಿ, ಆಮೇಲೆ ವಾಪಸ್ ಇಸ್ಕೋತೀನಿ.”

ಒಂದು ಕ್ಷಣ ಪೊಟ್ಟಣವನ್ನು ನೋಡಿದಳು. ಆಮೇಲೆ ತೆಗೆದುಕೊಂಡು ಎರಡೂ ಅಂಗೈ ನಡುವೆ ಹಿಡಿದಳು. ಏಳು ನಿಮಿಷ ಹಾಗೇ ಹಿಡಿದುಕೊಂಡಿದ್ದಳು. ನಾನು ಜೀವನದಲ್ಲಿ ಮೊದಲ ಸಲ, ಬಸ್ ತಡವಾಗಲಪ್ಪಾ ಎಂದು ಬೇಡಿಕೊಂಡೆ. ಅದು ಸರಿಯಾದ ಸಮಯಕ್ಕೇ ಬಂತು, ಹಾಳಾದ್ದು.

ಪೊಟ್ಟಣ ವಾಪಸ್ ಕೊಡುವಾಗ ಅವಳ ಬೆರಳು ನನ್ನ ಅಂಗೈಗೆ ತಾಗಿತು. ನನ್ನ ಮುಖವನ್ನೇ ನೋಡಿದಳು, ಎಂದೂ ನೋಡದಷ್ಟು ಹೊತ್ತು.

“ಇದನ್ನೂ ಬರೀಬೇಕಾ?” ಎಂದೆ.

ಅವಳು ಬಸ್ ಹತ್ತಿದಳು.

ಮರುವಾರ ಆಯೋಗದಿಂದ ಪತ್ರ ಬಂತು: ನಿಮ್ಮ ಪ್ರಕರಣವನ್ನು ಬೇರೆ ಅಧಿಕಾರಿಗೆ ವಹಿಸಲಾಗಿದೆ. ಫೋನ್ ಮಾಡಿದೆ, ಎತ್ತಲಿಲ್ಲ. ಸಂಜೆ ಒಂದು ಮೆಸೇಜ್: ‘ದಯವಿಟ್ಟು ಹೊಸ ಅಧಿಕಾರಿಯನ್ನು ಸಂಪರ್ಕಿಸಿ.’ ಅಷ್ಟೇ. ತಿಂಗಳುಗಟ್ಟಲೆ ಅವಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಟ್ಟಿದ ಕೇಸು. ಗೆದ್ದರೆ ಬಡ್ತಿ ಖಚಿತ ಎಂದು ಎಲ್ಲರೂ ಅನ್ನುತ್ತಿದ್ದರು. ನನ್ನ ಸಲಿಗೆಯಿಂದ ಬೇಸತ್ತು ಬಿಟ್ಟು ಹೋದಳು ಎಂದುಕೊಂಡೆ. ನಾಚಿಕೆಯಾಯಿತು, ಸಿಟ್ಟೂ ಬಂತು. ಆ ಚಳಿಗಾಲವಿಡೀ ಮನಸ್ಸಿಗೆ ಒಂದಿಷ್ಟೂ ನೆಮ್ಮದಿ ಇರಲಿಲ್ಲ.

ಹೊಸ ಅಧಿಕಾರಿ ಎಲ್ಲರನ್ನೂ ಮೊದಲಿನಿಂದ ಕರೆಸಿ ಮತ್ತೆ ಕೇಳಿದ. ಫೆಬ್ರವರಿಯಲ್ಲಿ ವಿಚಾರಣೆ. ಎತ್ತರದ ಪೀಠದಲ್ಲಿ ಒಂಬತ್ತು ಸದಸ್ಯರು, ಒಂದು ಕಡೆ ದೊಡ್ಮನೆಯ ಹನ್ನೆರಡು ವಕೀಲರು, ಇನ್ನೊಂದು ಕಡೆ ನಾನು ಮತ್ತು ನಾಮ್‌ಗುಂಗ್ ಅಕ್ಕ.

ಅವರ ಹಿರಿಯ ವಕೀಲರು ಎದ್ದು ನಿಂತರು. “ಈ ತನಿಖೆ ಶುರುವಿನಿಂದಲೇ ಪಕ್ಷಪಾತದ್ದು. ಮೊದಲ ಅಧಿಕಾರಿ ದೂರುದಾರರನ್ನು ಹೊರಗೆ ಹನ್ನೊಂದು ಸಲ ಭೇಟಿಯಾಗಿದ್ದಾರೆ. ವರದಿಗಳನ್ನು ನಾವು ಕೇಳಿ ಪಡೆದಿದ್ದೇವೆ.”

ಕೇಳಿದರೆ ಕೊಡುತ್ತಾರೆ ಎಂಬುದು ನನಗೆ ಹೊಳೆದೇ ಇರಲಿಲ್ಲ. ಅಕ್ಕ ನನ್ನ ತೊಡೆ ಚಿವುಟಿದರು. “ಮುಗೀತು ನಮ್ಮ ಕಥೆ” ಎಂದರು.

“ಕೊನೆಯದನ್ನು ಓದುತ್ತೇನೆ” ಎಂದು ವಕೀಲರು ಗಂಟಲು ಸರಿಮಾಡಿಕೊಂಡರು. “ಜಾಗ: ಬಸ್ ಸ್ಟಾಪ್. ವಿಷಯ: ಅವರ ಕೈ ಬೆಚ್ಚಗಾಗಿಸುವ ಪೊಟ್ಟಣವನ್ನು ಏಳು ನಿಮಿಷ ಹಿಡಿದುಕೊಂಡೆ, ವಾಪಸ್ ಕೊಟ್ಟೆ. ಪ್ರಕರಣದ ಮಾತು: ಇಲ್ಲ. ಸಂಬಂಧ: ಹತ್ತು ಸಲ ‘ಏನೂ ಇಲ್ಲ’ ಎಂದು ಬರೆದಿದ್ದೇನೆ. ಈ ಸಲ ಹಾಗೆ ಬರೆದರೆ ಸುಳ್ಳಾಗುತ್ತದೆ. ನನಗೆ ಅವರ ಮೇಲೆ ಮನಸ್ಸಾಗಿದೆ. ಅವರಿಗೆ ಹೇಳಿಲ್ಲ, ತೀರ್ಪು ಬರುವವರೆಗೆ ಹೇಳುವುದೂ ಇಲ್ಲ. ನಾಳೆಯಿಂದಲೇ ಈ ಪ್ರಕರಣವನ್ನು ಬೇರೆಯವರಿಗೆ ಕೊಡಿ. ನಾನು ಬರೆದುಕೊಂಡ ಹೇಳಿಕೆಗಳನ್ನೂ ಬಳಸಬೇಡಿ.”

ಬೇಸತ್ತು ಹೋಗಿರಲಿಲ್ಲ ಅವಳು! ನಾನು ಎದ್ದೇಬಿಟ್ಟೆ.

ಅಕ್ಕ ಕೋಟಿನ ತುದಿ ಹಿಡಿದು ಎಳೆದರು. “ಕೂತ್ಕೊಳ್ಳಿ ಬಾಸ್! ತೀರ್ಪು ಬರೋವರೆಗೆ ಅಂತ ಹೇಳಿಲ್ವಾ?” ಅವರ ಕಣ್ಣೂ ಒದ್ದೆಯಾಗಿತ್ತು.

ಪೀಠದ ಮಧ್ಯದಲ್ಲಿದ್ದ ಅಧ್ಯಕ್ಷೆ ಹೊಸ ಅಧಿಕಾರಿಯನ್ನು ಕೇಳಿದರು, “ಅವರು ಬರೆದುಕೊಂಡಿದ್ದರಲ್ಲಿ ಏನಾದರೂ ಬಳಸಿದ್ದೀರಾ?”

“ಒಂದು ಸಾಲೂ ಇಲ್ಲ. ಎಲ್ಲವನ್ನೂ ಹೊಸದಾಗಿ ಮಾಡಿದ್ದೇನೆ.”

“ಹಾಗಾದರೆ ವಕೀಲರೇ, ಯಾರೂ ಕೇಳದೆಯೇ ಸತ್ಯ ಹೇಳಿ, ಕೇಸು ಬಿಟ್ಟು ಹೋದ ಅಧಿಕಾರಿಯ ಬಗ್ಗೆ ನಿಮ್ಮ ದೂರೇನು?”

ವಕೀಲರು ಕಡತ ಮುಚ್ಚಿ ಕೂತರು.

ಹತ್ತೊಂಬತ್ತು ದಿನ ಕಾದೆ. ಒಂದು ಮೆಸೇಜ್ ಕೂಡ ಕಳಿಸಲಿಲ್ಲ. ಇಪ್ಪತ್ತನೆಯ ದಿನ ತೀರ್ಪು ಬಂತು: ದೊಡ್ಮನೆ ತನ್ನ ಎರಡು ಪ್ರೋಗ್ರಾಂಗಳನ್ನೂ ಬೇರೆ ಬೇರೆಯಾಗಿ ಮಾರಬೇಕು, ಬೇಡವೆಂದವರು ಅಳಿಸುವಂತಿರಬೇಕು. ಆಫೀಸಿನಲ್ಲಿ ಎಲ್ಲರೂ ಕುಣಿದರು. ಅಕ್ಕ ನನ್ನ ಕೈಗೆ ಕಾರಿನ ಕೀ ತುರುಕಿ, “ಇಲ್ಲೇನು ಕೆಲಸ ನಿಮಗೆ? ಹೊರಡಿ” ಎಂದರು.

ಮಧ್ಯಾಹ್ನ ಹನ್ನೆರಡಕ್ಕೆ ಆಯೋಗದ ಗೇಟಿನಲ್ಲಿ ನಿಂತಿದ್ದೆ. ಊಟಕ್ಕೆ ಹೊರಟ ಗುಂಪಿನಲ್ಲಿ ಸೊನ್‌ಜು ಬಂದಳು. ನನ್ನನ್ನು ಕಂಡು ನಿಂತಳು. ಜೊತೆಯವರು ಒಬ್ಬರನ್ನೊಬ್ಬರು ತಿವಿದುಕೊಳ್ಳುತ್ತಾ ಮುಂದೆ ಹೋದರು.

“ಮೇಡಂ…”

“ಮೇಡಂ ಅಂತೆ! ನಾನು ಬರೆದಿದ್ದು ನಮ್ಮ ಸೆಕ್ಷನ್ ಚೀಫ್‌ಗೆ ಗೊತ್ತು, ಹನ್ನೆರಡು ಜನ ವಕೀಲ್ರಿಗೆ ಗೊತ್ತು, ಒಂಬತ್ತು ಜನ ಸದಸ್ಯರಿಗೆ ಗೊತ್ತು. ಕ್ಯಾಂಟೀನ್‌ನಲ್ಲಿ ಸೂಪ್ ಬಡಿಸೋ ಅಮ್ಮನೂ ಕೇಳಿದ್ರು. ನಿಮ್ಮ ಕಡೆಯಿಂದ ಮಾತ್ರ ಇವತ್ತಿನವರೆಗೂ ಒಂದು ಸಾಲಿಲ್ಲ.”

ಅವಳ ದನಿಯಲ್ಲಿ ತಮಾಷೆ ಇತ್ತು, ಆದರೆ ಕೈ ಬ್ಯಾಗಿನ ಪಟ್ಟಿಯನ್ನು ಹಿಂಡುತ್ತಿತ್ತು. ನಾನು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಚೆಂದದ ಮಾತೆಲ್ಲ ಮರೆತೇಹೋಯಿತು.

“ಸೊನ್‌ಜು, ನೀವಂದ್ರೆ ನನಗೆ ತುಂಬಾ ಇಷ್ಟ. ನಿಮ್ಮನ್ನ ನೋಡದೆ ಮೂರು ತಿಂಗಳು ಸತ್ತೇಹೋಗಿದ್ದೆ. ಊಟಕ್ಕೆ ಬನ್ನಿ, ಹಾಗೇ ನನ್ನ ಮದುವೇನೂ ಆಗಿ.”

ಅವಳ ಕಣ್ಣು ತುಂಬಿತು. ತುಂಬಿದ ಕಣ್ಣಲ್ಲೇ ನಕ್ಕಳು.

“ಊಟದ ಜೊತೆ ಮದುವೇನೂ ಸೇರಿಸಿ ಕೊಡ್ತೀರಾ? ಅದೂ ಸೇರಿಸಿ ಮಾರೋರ ಕೇಸ್ ನಡೆಸಿದ ನನ್ನಂಥೋಳಿಗೆ? ಬೇರೆ ಬೇರೆ ಕೇಳಿ.”

“ಊಟಕ್ಕೆ ಬರ್ತೀರಾ?”

“ಹೂಂ.”

“ಇನ್ನೊಂದು?”

“ಊಟ ಮುಗೀಲಿ, ಯೋಚಿಸ್ತೀನಿ” ಎಂದು ನನ್ನ ತೋಳು ಹಿಡಿದುಕೊಂಡಳು.

ಅಷ್ಟು ಹೊತ್ತು ಕಾಯಲು ಅವಳಿಂದಲೂ ಆಗಲಿಲ್ಲ. ರಸ್ತೆ ದಾಟುವಾಗಲೇ ಎರಡನೆಯದಕ್ಕೂ ಹೂಂ ಅಂದಳು.