ಟಮ್-ಟಿ-ಟಮ್

ಹೊಸ ನಾಟಕದ ಕೊನೆಯ ಮಾತನ್ನು ತಾಲೀಮಿನಲ್ಲಿ ಆಡಬಾರದು. ಆಡಿದರೆ ನಾಟಕ ಮಕಾಡೆ ಮಲಗುತ್ತದೆ ಎಂದು ನಮ್ಮ ಕಂಪನಿಯವರೆಲ್ಲ ನಂಬಿದ್ದರು. ಹಾಗಾಗಿ ಕೊನೆಯ ದೃಶ್ಯದಲ್ಲಿ ಸಿಡ್ನಿ ಪೆಲ್ ಕೊಡೆ ಬಿಚ್ಚಿ, "ಇದರಡಿ ನಮ್ಮಿಬ್ಬರಿಗೂ ಜಾಗ ಇದೆಯಾ?" ಎಂದಾಗಲೆಲ್ಲ, ನಾಯಕಿ ಹೆಟ್ಟಿ "ಇದೆ, ಹತ್ತಿರ ಬಾ" ಎನ್ನುವುದನ್ನು ನುಂಗಿಕೊಂಡು "ಟಮ್-ಟಿ-ಟಮ್" ಎಂದು ಗುನುಗುತ್ತಿದ್ದಳು.

ಸಿಡ್ನಿ ನಮ್ಮ ಹಾಸ್ಯನಟ. ಹಾಡುತ್ತಲೇ ಎಡವಿ ಬಿದ್ದು, ಶ್ರುತಿ ತಪ್ಪದೆ ಏಳುವವನು. ಹೆಟ್ಟಿಯ ಎದುರು ಮಾತ್ರ ನಿಜವಾಗಿಯೂ ಎಡವುತ್ತಿದ್ದ. ಅವಳು ಟೋಪಿಯ ಅಂಚಿನಡಿಯಿಂದ ಕಂಡೂ ಕಾಣದಂತೆ ನೋಡಿ ನಗುತ್ತಿದ್ದಳು. ಅವಳಿಗೂ ಅವನೆಂದರೆ ಜೀವ. ಇದು ಅವರಿಬ್ಬರನ್ನು ಬಿಟ್ಟು ಕಂಪನಿಗೆಲ್ಲ ಗೊತ್ತಿತ್ತು.

ಮ್ಯಾಂಚೆಸ್ಟರಿನಲ್ಲಿ ತಾಲೀಮು ನಡೆಯುತ್ತಿದ್ದಾಗಲೇ ಅವನಿಗೆ ಲಂಡನ್ನಿನಿಂದ ಕರೆ ಬಂತು. ದೊಡ್ಡ ಥಿಯೇಟರು, ದೊಡ್ಡ ಪಾತ್ರ. ಹೆಟ್ಟಿ ಒಪ್ಪಿದರೆ ಮದುವೆಯಾಗಿ ಇಬ್ಬರೂ ಹೋಗುವುದು, ಇಲ್ಲದಿದ್ದರೆ ಒಬ್ಬನೇ ಎಂದು ನಿಶ್ಚಯಿಸಿ ಅವಳನ್ನು ಟೀ ಅಂಗಡಿಗೆ ಕರೆದೊಯ್ದ. ಬಾಯಿಪಾಠ ಮಾಡಿಕೊಂಡು ಬಂದದ್ದೆಲ್ಲ ಮರೆತುಹೋಗಿ, ಕೊನೆಗೆ ನಾಟಕದ ಮಾತೇ ಹೊರಬಿತ್ತು.

"ಹೆಟ್ಟಿ, ನನ್ ಕೊಡೆ ಅಡಿ ನಮ್ಮಿಬ್ಬರಿಗೂ ಜಾಗ ಇದ್ಯಾ?"

ಹೆಟ್ಟಿಯ ಬಾಯಿ ತುಂಬ ಬನ್ನು. ತಾಲೀಮಿನ ಗುಂಗಿನಲ್ಲೇ ಇದ್ದವಳು ಕಣ್ಣು ಮಿಟುಕಿಸಿದಳು. "ಟಮ್-ಟಿ-ಟಮ್."

ತಮಾಷೆ ಮಾಡಿ ತಳ್ಳಿಹಾಕಿದಳು ಎಂದುಕೊಂಡು ಅವನೂ ನಕ್ಕುಬಿಟ್ಟ. ಮರುದಿನ ಹೇಳದೆ ಕೇಳದೆ ಲಂಡನ್ ರೈಲು ಹತ್ತಿದ.

ಆಮೇಲೆ ಅವನ ಹಾಡನ್ನು ಹಾಲು ಹಾಕುವವರೂ ಶಿಳ್ಳೆಯಲ್ಲಿ ಹಾಡಿದರು. ಅವನ ಮುಖ ಅಂಗಡಿ ಅಂಗಡಿಯ ಪೋಸ್ಟ್‌ಕಾರ್ಡಿನಲ್ಲಿ ನಕ್ಕಿತು. ಅಲ್ಲಿ ತನ್ನ ಜೊತೆ ಹಾಡುತ್ತಿದ್ದ ಮಾಬೆಲ್‌ಳನ್ನು ಮದುವೆಯಾದ. ಇತ್ತ ಹೆಟ್ಟಿ ಊರೂರು ಅಲೆಯುತ್ತ, "ಇದೆ, ಹತ್ತಿರ ಬಾ" ಎಂದು ಯಾವನೋ ಬದಲಿ ನಟನಿಗೆ ದಿನಾ ಹೇಳಿದಳು. ಪಾಪ, ಅವನಿಗೆ ಶ್ರುತಿಯೂ ಇರಲಿಲ್ಲ.

ಮೊದಲ ಮಹಾಯುದ್ಧ ಮುಗಿಯುವಷ್ಟರಲ್ಲಿ ಜನರ ರುಚಿ ಬದಲಾಗಿತ್ತು. ಜಾಸ್ ಸಂಗೀತ ಕೇಳಿದ ಕಿವಿಗೆ ಸಿಡ್ನಿಯ ಹಾಡು ಹಳಸಲಾಯಿತು. ಲಂಡನ್ ಅವನನ್ನು ಕೈಬಿಟ್ಟಿತು. ಅವನೂ ಊರೂರು ತಿರುಗುವ ಕಂಪನಿಯೊಂದನ್ನು ಸೇರಿದ.

ಭಾನುವಾರ ರೈಲಿನಲ್ಲಿ ಓಡಾಡುವುದು ನಟರು ಮತ್ತು ಮೀನು ಮಾತ್ರ ಎಂದು ನಮ್ಮವರ ತಮಾಷೆ. ಅಂಥದೊಂದು ಭಾನುವಾರ, ಊರಿಂದೂರಿಗೆ ಹೋಗುವ ಕಂಪನಿಗಳೆಲ್ಲ ರೈಲು ಬದಲಿಸುವ ಕ್ರೂ ಎಂಬ ಊರಿನ ಸ್ಟೇಷನ್ನಿನಲ್ಲಿ, ಮೀನಿನ ಬುಟ್ಟಿಗಳ ಪಕ್ಕ, ಇಬ್ಬರೂ ಎದುರಾದರು.

"ದಪ್ಪ ಆಗಿದ್ದೀಯ," ಎಂದ.

"ಬನ್ನು ಬಿಟ್ಟಿಲ್ಲ ಕಣೋ," ಎಂದಳು.

ಅವನು ನಗಲಿಲ್ಲ. "ಆವತ್ತು ಟೀ ಅಂಗಡೀಲಿ ನಾನು ನಾಟಕ ಆಡ್ಲಿಲ್ಲ, ಹೆಟ್ಟಿ. ನಿಜವಾಗ್ಲೂ ಕೇಳಿದ್ದೆ."

ಹೆಟ್ಟಿ ತನ್ನ ಪೆಟ್ಟಿಗೆಯ ಮೇಲೆ ಕುಳಿತಳು. "ಇನ್ನೊಂದ್ಸಲ ಕೇಳ್ಬಾರ್ದಿತ್ತೇನೋ?" ಎಂದಳು.

"ಒಂದ್ಸಲ ನಗು ಬಂದ್ಮೇಲೆ ಅದೇ ಮಾತನ್ನ ಮತ್ತೆ ಹೇಳ್ಬಾರ್ದು. ಹಾಸ್ಯಗಾರನ ಕಸುಬು ಕಲಿಸಿದ್ದು ಅದನ್ನೇ." ಅವಳತ್ತ ಬಾಗಿ ಕೇಳಿದ: "ಈಗ ಕೇಳಿದ್ರೆ?"

ಎದುರಿನ ಗಾಡಿಯ ಕಿಟಕಿಯಲ್ಲಿ ಕಾಯಿಲೆ ಮೈಯ ಮಾಬೆಲ್, ಅವನ ಮಫ್ಲರನ್ನು ಮಡಿಲಲ್ಲಿಟ್ಟುಕೊಂಡು ನಿದ್ದೆ ಹೋಗಿದ್ದಳು. ಹೆಟ್ಟಿ ಅವಳನ್ನು ನೋಡಿದಳು. ಇಷ್ಟು ವರ್ಷ ಸಲ್ಲದವನಿಗೆ ಹೇಳಿದ್ದ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಈಗ ಆಡಿದರೆ ಮಕಾಡೆ ಮಲಗುವುದು ನಾಟಕವಲ್ಲ, ಒಂದು ಸಂಸಾರ.

"ಟಮ್-ಟಿ-ಟಮ್," ಎಂದಳು. ಕಣ್ಣು ಆ ಕಿಟಕಿಯ ಮೇಲೇ ಇತ್ತು.

ಈ ಸಲ ಸಿಡ್ನಿಗೆ ಅರ್ಥವಾಯಿತು. ಟೋಪಿ ತೆಗೆದು ತಲೆಬಾಗಿ, ಮಾಬೆಲ್ ಇದ್ದ ಗಾಡಿ ಹತ್ತಿದ.