ಮೆಟ್ಟಿಲ ಕೆಳಗಿನ ಸರ್ವರ್

ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಠಾಣೆಗೆ ಬಂದ ದೂರಿನಲ್ಲಿ, ಕಳುವಾದ ವಸ್ತುಗಳೆಂದು ಬರೆದಿದ್ದುದು ನಾಲ್ಕು ಹಾರ್ಡ್ ಡಿಸ್ಕ್‌ಗಳನ್ನು ಮಾತ್ರ. ದೂರುದಾರರು ಮುಖ್ಯರಸ್ತೆಯ ಕನ್ನಡಕದಂಗಡಿಯ ಮಾಲೀಕರು. ಹಿಂದಿನ ದಿನ ಸಂಜೆ ಅಂಗಡಿ ಮುಚ್ಚಿ ಮನೆಗೆ ಹೋದಾಗ ಕಳವು ಗಮನಕ್ಕೆ ಬಂದಿತ್ತು.

"ಹೊಸದು ತಗೊಂಡ್ರಾಯ್ತಲ್ಲ ಸಾರ್?" ಎಂದರು ಹೆಡ್ ಕಾನ್‌ಸ್ಟೇಬಲ್.

"ಡಿಸ್ಕ್ ಅಂಗಡೀಲಿ ಸಿಗುತ್ತೆ. ನಮ್ಮಪ್ಪನ ದನಿ ಸಿಗುತ್ತಾ?"

ಕನ್ನಡಕದಂಗಡಿಯವರು ವಿವರಿಸಿದರು. ಮನೆಮಂದಿಯ ಖಾಸಗಿ ಮಾತು ಯಾವುದೋ ಕಂಪನಿಯ ಕೈಯಲ್ಲಿರುವುದು ಅವರಿಗೆ ಸರಿಬರುತ್ತಿರಲಿಲ್ಲ. ತಾವೇ ಒಂದು ಸರ್ವರ್ ಜೋಡಿಸಿ ಮೆಟ್ಟಿಲ ಕೆಳಗಿನ ಕೋಣೆಯಲ್ಲಿಟ್ಟಿದ್ದರು. ಅಣ್ಣತಮ್ಮಂದಿರು, ತಂಗಿ, ಚಿಕ್ಕಪ್ಪ, ಎಲ್ಲರ ಮೇಲ್ ಅದರಲ್ಲೇ. ಎಲ್ಲರ ಮನೆಯ ಫೋಟೊ, ವಿಡಿಯೊ, ತೀರಿಹೋದವರ ಧ್ವನಿ ಕೂಡ.

"ಮನೇಲೇ ಪೋಸ್ಟಾಫೀಸು ನಡೆಸ್ತಿದ್ರಿ ಅನ್ನಿ."

"ಸಂಬಳ ಇಲ್ಲದ ಪೋಸ್ಟ್ ಮಾಸ್ಟರು" ಎಂದರು ಅವರು. ನಗಲಿಲ್ಲ. "ಇನ್ನೊಂದು ಪ್ರತಿ ತಂಗಿ ಮನೇಲಿದೆ. ಆ ಧೈರ್ಯಕ್ಕೇ ರಾತ್ರಿ ಒಂದಿಷ್ಟು ಕಣ್ಣು ಮುಚ್ಚಿದ್ದು."

ಇನ್ಸ್‌ಪೆಕ್ಟರ್ ಎಫ್ಐಆರ್ ದಾಖಲಿಸಿದರು.

ಮಧ್ಯಾಹ್ನ ಹನ್ನೆರಡಕ್ಕೆ ದೂರುದಾರರ ಮನೆಯಲ್ಲಿ, ಪಕ್ಕದ ಮನೆಯ ಇಬ್ಬರ ಸಮಕ್ಷಮ ಪಂಚನಾಮೆ ನಡೆಯಿತು. ಬೀಗ ಮುರಿದಿರಲಿಲ್ಲ. ಮೇಜಿನ ಮೇಲಿನ ಲ್ಯಾಪ್‌ಟಾಪ್, ಬೆಲೆಬಾಳುವ ಕ್ಯಾಮೆರಾ ಇದ್ದಲ್ಲೇ ಇದ್ದವು. ಸರ್ವರ್ ಪೆಟ್ಟಿಗೆಯ ನಾಲ್ಕು ಖಾನೆಗಳು ಖಾಲಿ. ಆದರೆ ನಾಲ್ಕರ ಬಾಗಿಲನ್ನೂ ಯಾರೋ ಮತ್ತೆ ಒತ್ತಿ ಮುಚ್ಚಿದ್ದರು.

ಠಾಣೆಯ ಕಂಪ್ಯೂಟರ್ ಕೆಲಸ ನೋಡಿಕೊಳ್ಳುತ್ತಿದ್ದ ಮಹಿಳಾ ಪೇದೆ ಬಗ್ಗಿ ನೋಡಿದಳು. ಠಾಣೆಯಲ್ಲಿ ಅವಳಿಗೆ ಕಂಪ್ಯೂಟರಮ್ಮ ಎಂದೇ ಹೆಸರು.

"ಮಿಷನ್ ನಡೀತಿರುವಾಗಲೇ ಡಿಸ್ಕ್ ಕಿತ್ರೆ ಏನಾಗುತ್ತೆ ಸಾರ್?" ಎಂದು ಮಾಲೀಕರನ್ನು ಕೇಳಿದಳು.

"ಒಳಗಿರೋದು ಕೆಟ್ಟುಹೋಗಬಹುದು. ಮೊದಲು ಗುಂಡಿ ಒತ್ತಿ, ಹಸಿರು ದೀಪ ಮಿಣುಕೋದು ಪೂರಾ ನಿಲ್ಲೋವರೆಗೂ ಕಾಯಬೇಕು."

"ಹಾಗೆ ಕಾದಿದ್ದಾರಾ, ಇಲ್ಲವಾ? ಗೊತ್ತಾಗುತ್ತಾ?"

ಪೆಟ್ಟಿಗೆಯೊಳಗಿನ ಸಣ್ಣ ಮೆಮೊರಿಯಲ್ಲಿ ಯಂತ್ರದ ದಿನಚರಿ ಉಳಿದಿತ್ತು. ಮಾಲೀಕರು ಪರದೆ ಜೋಡಿಸಿ ತೋರಿಸಿದರು. ಸೋಮವಾರ ಮಧ್ಯಾಹ್ನ ಸರ್ವರ್ ಅನ್ನು ಕ್ರಮಬದ್ಧವಾಗಿ ನಿಲ್ಲಿಸಲಾಗಿತ್ತು.

"ಕಳ್ಳ ದೀಪ ನೋಡ್ಕೊಂಡು ಕಾದು ಕೂತಿದ್ನಂತೆ" ಎಂದರು ಹೆಡ್ ಕಾನ್‌ಸ್ಟೇಬಲ್. "ಬಲು ನಾಜೂಕಿನವನು."

"ನಿಲ್ಲಿಸೋದು ಯಾರಿಗೆ ಗೊತ್ತು?" ಇನ್ಸ್‌ಪೆಕ್ಟರ್ ಕೇಳಿದರು.

"ನನಗೆ. ನನ್ನ ಹೆಂಡ್ತಿ ಆ ಕೋಣೆ ಗುಡಿಸೋಕೂ ಹೆದರ್ತಾಳೆ."

"ಇನ್ಯಾರಿಗೂ ಕಲಿಸಿಲ್ವಾ?"

"ತಂಗಿಗೊಬ್ಬಳಿಗೆ. ಪ್ರತಿ ಅವಳ ಮನೇಲಿ ಇರೋದಕ್ಕೆ."

"ನಿಮ್ಮನೆ ಬೀಗದ ಕೈ?"

"ಒಂದು ಅವಳ ಹತ್ರಾನೂ ಇದೆ. ಸಾರ್, ಅವಳು ಆಸ್ಪತ್ರೆ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡೋಳು. ಅವಳ್ಯಾಕೆ?"

"ಅಲ್ಲಿನ ಪ್ರತಿ ನೆಟ್ಟಗಿದೆಯಾ?"

"ಇಲ್ಲದಿದ್ರೆ ನಂಗೆ ಎಚ್ಚರಿಕೆ ಮೇಲ್ ಬರ್ತಿತ್ತು. ಹಾಗಂತ ನಾನೇ ಏರ್ಪಾಡು ಮಾಡಿದ್ದೀನಿ."

ಕಂಪ್ಯೂಟರಮ್ಮ ಖಾಲಿ ಖಾನೆಗಳ ಕಡೆ ನೋಡಿದಳು. "ಆ ಮೇಲ್ ಬಂದು ಬೀಳೋದು ಎಲ್ಲಿಗೆ ಸಾರ್?"

ಅವರು ಜೇಬಿನಿಂದ ಫೋನ್ ತೆಗೆದರು. ಎಚ್ಚರಿಕೆಯ ಮೇಲ್ ಬರಬೇಕಾದದ್ದೂ ಇದೇ ಸರ್ವರ್‌ಗೆ. ಯಂತ್ರ ನಿಂತಿದೆ ಎಂಬ ಸುದ್ದಿಯನ್ನು ನಿಂತ ಯಂತ್ರಕ್ಕೇ ಒಪ್ಪಿಸಿದ್ದರು. ವರ್ಷಗಟ್ಟಲೆ ಅದನ್ನು ತಿದ್ದಿ ತೀಡಿದವರಿಗೆ ಇದೊಂದು ಹೊಳೆದಿರಲಿಲ್ಲ.

"ರಾತ್ರಿಯಿಂದ ಫೋನ್ ಮಾಡ್ತಿದ್ದೀನಿ" ಎಂದರು ಮೆಲ್ಲಗೆ. "ಅವಳು ಎತ್ತುತ್ತಿಲ್ಲ."

ತಂಗಿಯ ಮನೆ ಎರಡನೇ ಮಹಡಿಯಲ್ಲಿತ್ತು. ಅವಳು ಅಂದು ಕೆಲಸಕ್ಕೆ ಹೋಗಿರಲಿಲ್ಲ. ಕಿಟಕಿಯ ಪಕ್ಕ ಸಣ್ಣ ಪೆಟ್ಟಿಗೆಯೊಂದಿತ್ತು, ದೀಪ ಉರಿಯುತ್ತಿರಲಿಲ್ಲ. ಅದರ ಮೇಲೆ ಮಗುವಿನ ಬಣ್ಣದ ಪೆನ್ಸಿಲ್ ಡಬ್ಬಿ. ಮನೆಯಲ್ಲಿ ಮಗು ಕಾಣಲಿಲ್ಲ.

"ಇದನ್ನ ನಿಲ್ಲಿಸಿದ್ದು ಯಾರು?" ಕಂಪ್ಯೂಟರಮ್ಮ ಕೇಳಿದಳು.

"ನಾನೇ."

"ಯಾವಾಗ?"

"ಅಣ್ಣನ ಮನೆಯಿಂದ ಬಂದ ಮೇಲೆ."

"ಡಿಸ್ಕ್‌ಗಳು?"

ತಂಗಿ ಬೀರು ತೆರೆದಳು. ಕೆಂಪು ಉಣ್ಣೆಯ ಸ್ವೆಟರಿನಲ್ಲಿ ಸುತ್ತಿಟ್ಟಿದ್ದ ನಾಲ್ಕು ಡಿಸ್ಕ್‌ಗಳನ್ನು ಹೊರತೆಗೆದು ಮೇಜಿನ ಮೇಲಿಟ್ಟಳು. ಸ್ವೆಟರು ಏಳೆಂಟು ವರ್ಷದ ಮಗುವಿನ ಅಳತೆಯದು.

"ಹೊರಗೆ ಎಸೀಬೇಕು ಅಂತಲೇ ತಂದೆ. ಆಗಲಿಲ್ಲ. ಪುಟ್ಟಿ ನಗು ಇರೋದು ಇದರಲ್ಲೇ."

"ಪುಟ್ಟಿ ಅಂದ್ರೆ?"

"ನನ್ನ ಮಗಳು. ಹೋಗಿ ಎರಡು ವರ್ಷ ಆಗುತ್ತೆ, ನಾಳೆಗೆ."

ಅವಳ ಹೇಳಿಕೆಯನ್ನು ಅಲ್ಲೇ ದಾಖಲಿಸಲಾಯಿತು. ಅಣ್ಣನ ಸರ್ವರ್ ಪ್ರತಿದಿನ ಬೆಳಿಗ್ಗೆ, ಹಿಂದಿನ ವರ್ಷಗಳ ಅದೇ ತಾರೀಖಿನ ಫೋಟೊಗಳನ್ನು ಆರಿಸಿ ಮನೆಮಂದಿಗೆಲ್ಲ ಕಳಿಸುತ್ತಿತ್ತು. ಎಲ್ಲರಿಗೂ ಅದು ಅಚ್ಚುಮೆಚ್ಚು.

"ನಿಮಗೆ ಬರದ ಹಾಗೆ ಮಾಡ್ಕೋಬಹುದಿತ್ತಲ್ಲ?" ಇನ್ಸ್‌ಪೆಕ್ಟರ್ ಕೇಳಿದರು.

"ಮಾಡ್ಕೊಂಡೆ ಸಾರ್. ಆದ್ರೆ ಅತ್ತಿಗೆ ಫೋನ್ ಮಾಡ್ತಾರೆ, ಇವತ್ತಿನ ಫೋಟೊದಲ್ಲಿ ಹಲ್ಲು ಬಿದ್ದ ಪುಟ್ಟಿನ ನೋಡಿದ್ಯಾ ಅಂತ. ಚಿಕ್ಕಪ್ಪ ಅಳ್ತಾರೆ, ಅವರನ್ನ ನಾನೇ ಸಮಾಧಾನ ಮಾಡಬೇಕು. ಹೋದ ವರ್ಷ ನಾಳೆ ತಾರೀಖಿಗೆ ಎಲ್ಲರಿಗೂ ಹೋಗಿದ್ದು ಆಸ್ಪತ್ರೆ ಫೋಟೊ. ಮೂಗಿಗೆ ನಳಿಗೆ ಹಾಕಿರೋದು. ಅಣ್ಣನೇ ತೆಗೆದಿದ್ದ, ಹುಷಾರಾದ ಮೇಲೆ ಅವಳಿಗೆ ತೋರಿಸಿ ನಗಿಸೋಕೆ."

ತಂಗಿ ಬಾಗಿಲಲ್ಲಿ ನಿಂತಿದ್ದ ಕನ್ನಡಕದಂಗಡಿಯವರ ಕಡೆ ತಿರುಗಿದಳು.

"ಎಷ್ಟು ಸಲ ಹೇಳಿದೆ ಅಣ್ಣ? ನೀನೇನಂದೆ? 'ನಾನೇನೂ ಕಳಿಸ್ತಿಲ್ಲ ಕಣೆ, ಅದರ ಪಾಡಿಗೆ ಅದು ಹೋಗುತ್ತೆ' ಅಂದೆ."

"ಕೇಸು ಬೇಡ ಸಾರ್" ಎಂದರು ಅಣ್ಣ.

"ಅದು ಈಗ ನಿಮ್ಮ ಕೈಲೂ ಇಲ್ಲ, ನನ್ನ ಕೈಲೂ ಇಲ್ಲ. ಕೋರ್ಟಲ್ಲಿ ಹೇಳಿ."

ಸಂಜೆ ನಾಲ್ಕೂವರೆಗೆ ತಂಗಿಯನ್ನು ಬಂಧಿಸಲಾಯಿತು. ಡಿಸ್ಕ್‌ಗಳನ್ನು ಜಪ್ತಿ ಮಾಡಿ ಮೊಹರು ಹಾಕಿದರು. ಸ್ವೆಟರನ್ನೂ ಜಪ್ತಿಗೆ ಸೇರಿಸಲು ಹೆಡ್ ಕಾನ್‌ಸ್ಟೇಬಲ್ ಕೈಚಾಚಿದಾಗ ಇನ್ಸ್‌ಪೆಕ್ಟರ್ ಬೇಡವೆಂದು ತಲೆಯಾಡಿಸಿದರು. ಮರುದಿನ ಜಾಮೀನು ಸಿಕ್ಕಿತು. ಆ ಬೆಳಿಗ್ಗೆ ಯಾರಿಗೂ ಫೋಟೊ ಹೋಗಲಿಲ್ಲ.

ಕೆಲವು ವಾರಗಳ ನಂತರ, ನ್ಯಾಯಾಲಯದ ಆದೇಶದಂತೆ ಕಂಪ್ಯೂಟರಮ್ಮ ಡಿಸ್ಕ್‌ಗಳನ್ನು ದೂರುದಾರರ ಮನೆಗೆ ಒಪ್ಪಿಸಲು ಹೋದಳು. ಅವರು ನಾಲ್ಕನ್ನೂ ಖಾನೆಗೆ ಸೇರಿಸಿದರು. ಗುಂಡಿ ಒತ್ತುವ ಮೊದಲು ಗೋಡೆಯಿಂದ ಬರುವ ಇಂಟರ್ನೆಟ್ ತಂತಿಯನ್ನು ಕಿತ್ತಿಟ್ಟರು.

"ಅದ್ಯಾಕೆ ಸಾರ್?"

"ಇಷ್ಟು ದಿನದ್ದೆಲ್ಲ ಬಾಕಿ ಇದೆ. ಎದ್ದ ತಕ್ಷಣ ಒಟ್ಟಿಗೆ ಕಳಿಸಿಬಿಡುತ್ತೆ. ಪುಟ್ಟಿ ಹೋದ ತಾರೀಖಿನದೂ ಸೇರಿ."

ಹಸಿರು ದೀಪ ಮಿಣುಕತೊಡಗಿತು. ಅವರು ಕನ್ನಡಕ ಒರೆಸಿಕೊಂಡು ಕೀಲಿಮಣೆಯ ಮುಂದೆ ಕುಳಿತರು. ಪುಟ್ಟಿಯ ಫೋಟೊಗಳನ್ನು ಯಾವತ್ತೂ ಆರಿಸಬೇಡ ಎಂದು ಯಂತ್ರಕ್ಕೆ ಹೇಳುವ ಒಂದು ಸಾಲು ಟೈಪ್ ಮಾಡಿ ಉಳಿಸಿದರು.

ಕಂಪ್ಯೂಟರಮ್ಮ ಇನ್ನೇನೋ ಇದೆಯೆಂದು ಕಾದಳು.

"ಇಷ್ಟೇನಾ ಸಾರ್?"

"ಇಷ್ಟೇ" ಎಂದರು ಅವರು. "ಅವಳು ಕೇಳಿದ್ದೂ ಇಷ್ಟೇ." ತಂತಿಯನ್ನು ಮತ್ತೆ ಸೇರಿಸಲು ಕೈ ಮುಂದೆ ಬರಲಿಲ್ಲ.